ಅಣ್ಣನ ಕೈಗೆ ಕೊಟ್ಟ ಕಾವಲು

ಆ ವರ್ಷ ಆಸ್ಟ್ರೇಲಿಯಾದ ರಾಬಿನ್‌ವೇಲಿನಲ್ಲಿ, ಟೋಂಗಾ ದ್ವೀಪದಿಂದ ಬಂದು ನೆಲೆಸಿದ ಟೋಂಗನ್ ತಾಯಂದಿರಿಗೆಲ್ಲ ಒಂದೇ ಹುಚ್ಚು ಹಿಡಿದಿತ್ತು. ದ್ರಾಕ್ಷಿ ಷೆಡ್ಡಿನಲ್ಲಿ ಪೆಟ್ಟಿಗೆ ತುಂಬುವಾಗಲೂ ಅದೇ ಮಾತು, ಚರ್ಚಿನ ಅಡುಗೆಮನೆಯಲ್ಲಿ ಕೆಸುವಿನೆಲೆ ಮಡಚುವಾಗಲೂ ಅದೇ ಮಾತು: ಮಕ್ಕಳ ಫೋನಿಗೆ ಕಾವಲು ಹಾಕಿಸಿದಿರಾ? ಯಾವುದೋ ಊರಲ್ಲಿ ಯಾವುದೋ ಹುಡುಗಿ ಫೋನಿನಲ್ಲಿ ಪರಿಚಯವಾದವನ ಹಿಂದೆ ಹೊರಟುಹೋದಳಂತೆ. ಹೇಳುವವರ ಬಾಯಲ್ಲಿ ಊರು ಬದಲಾಗುತ್ತಿತ್ತು, ಹುಡುಗಿಯ ವಯಸ್ಸು ದಿನಕ್ಕೊಂದಾಗುತ್ತಿತ್ತು. ಹೆದರಿಕೆ ಮಾತ್ರ ಎಲ್ಲರದೂ ನಿಜವಾದದ್ದೇ. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯ ಹೆಂಡತಿ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಆ ಕಾವಲಿನ ಆಪ್ ಹಾಕುವುದು ಹೇಗೆ, ಎಲ್ಲಿ ಒತ್ತಿದರೆ ಮಗುವಿನ ಫೋನು ಬಂದ್ ಆಗುತ್ತದೆ, ಮಗು ಏನೇ ಹುಡುಕಿದರೂ ಅದು ಹೇಗೆ ಒಂದಕ್ಷರ ಬಿಡದೆ ನಿಮ್ಮ ಫೋನಿಗೆ ಬಂದು ಬೀಳುತ್ತದೆ ಎಂದೆಲ್ಲ ತೋರಿಸಿಕೊಟ್ಟಳು. ಹಾಕಿಸದವಳು ತಾಯಿಯೇ ಅಲ್ಲವೆಂದು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ಕೇಳಿಸುವಂತೆ ಮಾತ್ರ ಹೇಳಿದಳು.

ಲೆಸಿಯೆಲಿ ಅವತ್ತು ಮೊದಲ ಸಾಲಿನಲ್ಲೇ ಕೂತಿದ್ದಳು. ಗಂಡ ಮಾಕಾ ತೀರಿಕೊಂಡು ಕೆಲವು ವರ್ಷವಾಗಿತ್ತು. ಸುಗ್ಗಿಯಲ್ಲಿ ಬೆಳಕು ಹರಿಯುವ ಮುಂಚೆ ಷೆಡ್ಡಿಗೆ ಹೋದರೆ ವಾಪಸು ಬರುವುದು ಬಿಸಿಲಿಳಿದ ಮೇಲೆ, ಅದೂ ಕಾಲು ಬಾತುಕೊಂಡು, ಯಾರು ಮಾತಾಡಿಸಿದರೂ ಸಿಡುಕುವ ಹಾಗೆ. ಅಷ್ಟು ಹೊತ್ತು ಹದಿನೈದರ ಮಗಳು ಸಿಯಾಲೆ ಏನು ಮಾಡುತ್ತಿದ್ದಾಳೆ, ಆ ಫೋನಿನೊಳಗೆ ಎಲ್ಲೆಲ್ಲಿ ಅಲೆಯುತ್ತಿದ್ದಾಳೆ, ತಾಯಿಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಈ ಒಬ್ಬ ಮಗಳು ಕೈತಪ್ಪಿ ಹೋಗಬಾರದು, ದೇವರ ಮುಂದೆ ಅವಳು ಬೇಡುತ್ತಿದ್ದುದು ಅಷ್ಟೇ. ಮಾಕಾನ ಅಕ್ಕ ಲೂಪೆ ಪಕ್ಕದ ಬೀದಿಯಲ್ಲೇ ಇದ್ದಳು. ನಮ್ಮ ಟೋಂಗನ್ನರಲ್ಲಿ ಮಕ್ಕಳ ಮೇಲೆ ಸೋದರತ್ತೆಗೆ ಇರುವ ಅಧಿಕಾರ ಹೆತ್ತವಳಿಗೂ ಇಲ್ಲ. ಮಗಳ ಬಗ್ಗೆ ಹೊರಗೆ ಒಂದು ಮಾತು ಎದ್ದರೆ ಸಾಕು, ಲೂಪೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ, ಲೆಸಿಯೆಲಿ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು.

ಆಪ್ ಹಾಕಿಸಲೇಬೇಕೆಂದು ಅವಳು ಅಲ್ಲೇ ತೀರ್ಮಾನಿಸಿದಳು. ಆದರೆ ಅವಳ ಫೋನು ಗಾಜು ಒಡೆದ ಹಳೇ ಡಬ್ಬ. ಎಷ್ಟು ಸಲ ಒತ್ತಿದರೂ ಆಪ್ ಅದರಲ್ಲಿ ಕೂರಲಿಲ್ಲ. ಉಳಿದದ್ದು ಮಗ ಕೆಲೆಪಿಯ ಫೋನು.

ಕೆಲೆಪಿಗೆ ಇಪ್ಪತ್ತು. ಬಾದಾಮಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಲಗುವುದು ಮನೆಯ ಹಿಂದೆ ನಿಲ್ಲಿಸಿದ ಕ್ಯಾರವಾನಿನಲ್ಲಿ, ತಂಗಿ ದೊಡ್ಡವಳಾಗುವ ಮುಂಚಿನಿಂದಲೂ ಅಲ್ಲೇ. ಹಾಗೆ ಬೆಳೆಸಿದವಳು ಲೆಸಿಯೆಲಿಯೇ. ಅವನು ಒಳಗೆ ಬಂದರೆ ಸಿಯಾಲೆ ಟೀವಿ ಬಿಟ್ಟು ಎದ್ದು ಹೋಗುತ್ತಿದ್ದಳು, ಅವಳು ಅಡುಗೆಮನೆಯಲ್ಲಿದ್ದರೆ ಅವನು ಹಿತ್ತಲಲ್ಲೇ ನಿಂತು ಕಾಯುತ್ತಿದ್ದ. ತಂಗಿಯ ಒಳಬಟ್ಟೆ ಅಣ್ಣನ ಕಣ್ಣಿಗೆ ಬೀಳುವ ತಂತಿಯ ಮೇಲೆ ಒಣಗುವಂತಿಲ್ಲ. ಕೂಟದಲ್ಲಿ ಕವ ಎಂಬ ಬೇರಿನ ರಸ ಕುಡಿಯುವ ಗಂಡಸರು ಸಹ ಪೋಲಿ ಮಾತು ಶುರುಮಾಡುವ ಮುಂಚೆ, ಇಲ್ಲಿ ಯಾರದಾದರೂ ಅಣ್ಣತಂಗಿ ಜೋಡಿ ಕೂತಿದೆಯೇ ಎಂದು ಸುತ್ತ ನೋಡಿಕೊಳ್ಳುತ್ತಾರೆ. ಹೀಗೆ ದೂರ ಇರುವುದಕ್ಕೆ ಸಿಟ್ಟು ಕಾರಣವಲ್ಲ, ಅದು ಅಣ್ಣತಂಗಿಯರು ಕಾಯಬೇಕಾದ ಮರ್ಯಾದೆ. ಹಂದಿ ಸುಟ್ಟ ದಿನ ಕೆಲೆಪಿ ತನ್ನ ಪಾಲಿನ ಗರಿಗರಿ ಚರ್ಮ ತಂಗಿಗೆಂದು ಎತ್ತಿಡುತ್ತಿದ್ದ. ಅವನ ಕೆಲಸದ ಷರ್ಟಿಗೆ ಗುಂಡಿ ಹಚ್ಚುತ್ತಿದ್ದವಳು ಸಿಯಾಲೆ. ಇಬ್ಬರೂ ನೇರವಾಗಿ ಆಡಿದ ಮಾತು ವರ್ಷಕ್ಕೆ ನಾಲ್ಕಿದ್ದರೆ ಹೆಚ್ಚು.

"ನಿನ್ ಫೋನಿಗೇ ಹಾಕ್ಕೊಳೋ," ಎಂದಳು ಲೆಸಿಯೆಲಿ.

ಕೆಲೆಪಿ ತಟ್ಟೆಯಿಂದ ಮುಖ ಎತ್ತಲಿಲ್ಲ. "ಅಮ್ಮಾ, ಅವಳದ್ದನ್ನ ನಾನು ನೋಡೋದಾ?"

"ನೀನೆಲ್ಲಿ ನೋಡ್ತೀಯ? ಮೆಷೀನು ನೋಡುತ್ತೆ. ಅದು ಏನಾದ್ರೂ ಹೇಳಿದ್ರೆ ನಂಗೆ ಹೇಳು, ಅಷ್ಟೇ."

"ಅತ್ತೆ ಫೋನಿಗೆ ಹಾಕೋಣ."

"ಲೂಪೆ ಅಕ್ಕನ ಕೈಗೆ ಕೊಟ್ರೆ ಆಯ್ತು, ಬೆಳಗಾಗೋದ್ರೊಳಗೆ ಸಿಡ್ನಿವರೆಗೂ ಸುದ್ದಿ. ತಂಗಿ ಕೋಣೆಗೆ ನುಗ್ಗು ಅಂದೆನಾ ನಿಂಗೆ? ಫೋನು ತಾನೇ."

ಕೆಲೆಪಿ ಮತ್ತೊಂದು ಸಲ ಬೇಡವೆಂದ. ಅದಕ್ಕಿಂತ ಹೆಚ್ಚು ಸಲ ತಾಯಿಗೆ ಬೇಡ ಅನ್ನುವ ಹುಡುಗ ಅವನಲ್ಲ. ಫೋನು ಕೋಣೆಯಲ್ಲ ಎಂದು ಲೆಸಿಯೆಲಿ ನಿಜವಾಗಿಯೂ ನಂಬಿದ್ದಳು. ಹುಟ್ಟಿದಾಗಿನಿಂದ ಕಾಯ್ದುಕೊಂಡು ಬಂದ ಕಟ್ಟಳೆ ಬಾಗಿಲಿಗೆ, ಹಾಸಿಗೆಗೆ, ಬಟ್ಟೆ ತಂತಿಗೆ ಮಾತ್ರ ಸೇರಿದ್ದು, ಅಂಗೈಯಗಲದ ಗಾಜಿಗೆ ಯಾವ ಮಡಿ ಎಂದುಕೊಂಡಿದ್ದಳು.

ಸಿಯಾಲೆಗೆ ಇದೊಂದನ್ನೂ ಬಿಡಿಸಿ ಹೇಳಲಿಲ್ಲ. "ನಿನ್ ಫೋನಲ್ಲಿ ನೀನೇನು ಮಾಡಿದ್ರೂ ನಂಗೆ ಬರುತ್ತೆ, ಹುಷಾರು," ಎಂದಷ್ಟೇ ಅಂದಳು. ಮೊದಲ ವಾರವೇ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಪಾಠ ನಡೆಯುವಾಗ ಮಗಳು ಹಾಡಿನ ವಿಡಿಯೊ ನೋಡುತ್ತಿದ್ದಳೆಂದು ಕೆಲೆಪಿ ತಿಳಿಸಿದ. ಲೆಸಿಯೆಲಿ ಹಾಡಿನ ಹೆಸರು ಸಮೇತ ಹೇಳಿ ಬೈದಳು. ಸಿಯಾಲೆಯ ಕಣ್ಣು ಅರಳಿದ್ದು ನೋಡಿ ಅವಳಿಗೆ ಒಳಗೊಳಗೇ ಹಿಗ್ಗು. ಮಾರನೆಯ ದಿನ ಷೆಡ್ಡಿನಲ್ಲಿ ಅದನ್ನೇ ನಾಲ್ಕು ಜನಕ್ಕೆ ಬಣ್ಣ ಕಟ್ಟಿ ಹೇಳಿ ಎಲ್ಲರನ್ನೂ ನಗಿಸಿದಳು.

ಆಮೇಲೆ ಶನಿವಾರ ಶನಿವಾರ ಅವಳು ಮಗನನ್ನು ಕೇಳುವುದು ರೂಢಿಯಾಯಿತು. ಏನಾದರೂ ಇದೆಯಾ ಎಂದರೆ ಏನಿಲ್ಲ ಅನ್ನುತ್ತಿದ್ದ. ಒಂದು ಶನಿವಾರ ಮಾತ್ರ ಹಾಗನ್ನದೆ ಫೋನನ್ನೇ ಅವಳ ಮುಂದೆ ಹಿಡಿದ. ಲೆಸಿಯೆಲಿ ಹಿಟ್ಟು ನಾದುತ್ತಿದ್ದಳು, ಮೊಣಕೈವರೆಗೆ ಹಿಟ್ಟು, ಕನ್ನಡಕ ಎಲ್ಲಿತ್ತೋ.

"ನೀನೇ ನೋಡಮ್ಮ."

"ಕೈ ಎಲ್ಲಿದೆ ನಂಗೆ? ಬಾಯಲ್ಲಿ ಹೇಳು. ಹುಡುಗನ ವಿಷ್ಯವಾ?"

"ಅಲ್ಲ."

"ಕೆಟ್ಟ ಫೋಟೊ?"

"ಅಲ್ಲಮ್ಮ."

"ಮತ್ತೇನು, ಹೇಳೋ."

ಅವನ ಮುಖ ಕಿವಿಯವರೆಗೆ ಕೆಂಪಾಯಿತು.  ಹುಡುಗನೂ ಇಲ್ಲ ಫೋಟೊನೂ ಇಲ್ಲ ಅಂದ ಮೇಲೆ ಕೆಲಸದ ಹೊತ್ತಲ್ಲಿ ಪ್ರಾಣ ತಿನ್ನಬೇಡ ಎಂದಳು ಲೆಸಿಯೆಲಿ. ನೀನು ಒಂದ್ಸಲ ಅವಳ ಹತ್ತಿರ ಮಾತಾಡು ಎಂದು ನೆಲಕ್ಕೆ ಹೇಳುವವನಂತೆ ಹೇಳಿ ಅವನು ಹಿತ್ತಲಿಗೆ ಹೋದ. ಮಾತಾಡೋಣವೆಂದು ಅವಳೂ ಅಂದುಕೊಂಡಳು. ಸಂಜೆ ಚರ್ಚಿನ ಕೆಲಸ ಬಂತು, ಮರುದಿನ ಭಾನುವಾರ, ಸೋಮವಾರ ಷೆಡ್ಡು. ಮಾತು ಹಾಗೇ ಉಳಿದುಹೋಯಿತು.

ಕೆಲೆಪಿ ಅಷ್ಟಕ್ಕೇ ಕೈಬಿಟ್ಟಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. ಅತ್ತೆ ಲೂಪೆಯ ಮನೆಗೂ ಹೋಗಿದ್ದನಂತೆ. ಸಿಯಾಲೆಯನ್ನು ಎರಡು ದಿನ ನಿಮ್ಮಲ್ಲಿಗೆ ಕರೆಸಿಕೊಳ್ಳಿ, ಹೆಂಗಸರ ಹತ್ತಿರ ಇರಲಿ ಎಂದನಂತೆ. ಹೆಂಗಸರ ವಿಷಯ ನಿನಗ್ಯಾಕೋ ಎಂದು ಲೂಪೆ ಹುಬ್ಬೇರಿಸಿದಳಂತೆ. ಅಣ್ಣನಾದವನ ಬಾಯಲ್ಲಿ ಬರುವ ಮಾತಾ ಇದು, ನಿಮ್ಮಪ್ಪ ಇದ್ದಿದ್ದರೆ ಹಲ್ಲು ಉದುರಿಸುತ್ತಿದ್ದ ಎಂದು ಬಾಗಿಲಲ್ಲೇ ಬೈದು ಕಳಿಸಿದಳಂತೆ. ಅಲ್ಲಿಂದ ಬಂದವನು ಫೋನಿನ ಆ ಆಪಿನ ಸದ್ದು ಅಡಗಿಸಿಟ್ಟ. ಏನು ಬಂದರೂ ತೆರೆಯಲಿಲ್ಲ. ನೋಡಿದ್ದೇ ಪಾಪ, ಇನ್ನೂ ನೋಡುವುದು ಹೇಗೆ? ಶನಿವಾರ ತಾಯಿ ಕೇಳಿದರೆ ಏನಿಲ್ಲ ಎನ್ನುತ್ತಿದ್ದ, ತಾಯಿ ದೇವರಿಗೆ ಸ್ತೋತ್ರ ಹೇಳಿ ನಿಶ್ಚಿಂತಳಾಗುತ್ತಿದ್ದಳು.

ಅಷ್ಟರಲ್ಲಿ ಸಿಯಾಲೆ ಸೊರಗತೊಡಗಿದ್ದಳು. ಶಾಲೆಯಿಂದ ಬಂದವಳೇ ಬಿದ್ದುಕೊಳ್ಳುತ್ತಿದ್ದಳು. ತುಟಿ ಬಿಳುಚಿತ್ತು, ಹತ್ತು ಹೆಜ್ಜೆಗೆ ಏದುಸಿರು. ನೆಟ್‌ಬಾಲ್ ಬಿಟ್ಟಳು, ಚರ್ಚಿನ ಹಾಡಿನ ತಂಡದಲ್ಲಿ ಕೂತೇ ಹಾಡುತ್ತೇನೆಂದಳು. ಲೆಸಿಯೆಲಿಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಪಾದ್ರಿಯ ಹೆಂಡತಿ ಆಗಲೇ ಹೇಳಿದ್ದಳಲ್ಲ: ಫೋನು ಮಕ್ಕಳ ನಿದ್ದೆ ತಿನ್ನುತ್ತದೆ, ರಕ್ತ ಹೀರುತ್ತದೆ. ಕೆಲೆಪಿಗೆ ಹೇಳಿ ಮಗಳ ಫೋನಿನ ಹೊತ್ತನ್ನು ಅರ್ಧಕ್ಕಿಳಿಸಿದಳು. ಆದರೂ ಹುಡುಗಿ ಗೆಲುವಾಗಲಿಲ್ಲ. ಇನ್ನೂ ಇಳಿಸಿದಳು.

ಸಿಯಾಲೆ ಒಂದೆರಡು ಸಲ ತಾಯಿಯ ಹಾಸಿಗೆಯ ಹತ್ತಿರ ಬಂದು ಸುಮ್ಮನೆ ನಿಂತದ್ದುಂಟು. ಏನೇ ಎಂದರೆ, ಏನಾದರೂ ಕೇಳುವವಳ ಹಾಗೆ ತಾಯಿಯ ಮುಖ ನೋಡುತ್ತಿದ್ದಳು, ತಾಯಿಯೇ ಏನೋ ಹೇಳಲಿ ಎಂದು ಕಾಯುವವಳ ಹಾಗೆ. ಲೆಸಿಯೆಲಿ ಫೋನಿನ ಹೊತ್ತು ಹೆಚ್ಚು ಮಾಡು ಎನ್ನಲು ಬಂದಿದ್ದಾಳೆಂದುಕೊಂಡು, ಆಗಲ್ಲ ಹೋಗು, ನಂಗೆಲ್ಲ ಗೊತ್ತು ಎಂದು ಮಗ್ಗುಲು ತಿರುಗುತ್ತಿದ್ದಳು. ಈ "ನಂಗೆಲ್ಲ ಗೊತ್ತು" ಎಂಬ ಮಾತು ಅವಳ ಬಾಯಿಗೆ ಅಷ್ಟು ರುಚಿ ಹತ್ತಿತ್ತು.

ಮೇ ತಿಂಗಳ ಮೊದಲ ಭಾನುವಾರ ಫಕಾಮೇ, ಮಕ್ಕಳ ಹಬ್ಬ. ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನ ಮುಂದೆ ನಿಂತು ಬೈಬಲಿನ ಪಾಠ ಒಪ್ಪಿಸಬೇಕು. ಲೆಸಿಯೆಲಿ ಅಂಚಿಗೆ ಲೇಸು ಕೊಟ್ಟು ಹೊಸ ಬಿಳಿ ಉಡುಪು ಹೊಲಿಸಿದ್ದಳು. ಸಿಯಾಲೆ ಅದನ್ನು ಮುಟ್ಟಲಿಲ್ಲ. ಬಿಳಿ ಬೇಡಮ್ಮ, ಕಪ್ಪು ಹಾಕುತ್ತೇನೆ, ಇಲ್ಲದಿದ್ದರೆ ಬರುವುದೇ ಇಲ್ಲ ಎಂದಳು. ಊರಿನ ಮಕ್ಕಳೆಲ್ಲ ಬಿಳಿಯಲ್ಲಿರುವಾಗ ನೀನೊಬ್ಬಳು ಕಪ್ಪುಟ್ಟು ನನ್ನ ಮಾನ ಕಳೆಯುತ್ತೀಯಾ ಎಂದು ಲೆಸಿಯೆಲಿ ಹಾರಾಡಿದಳು. ಇದೂ ಆ ಫೋನು ಕಲಿಸಿದ ಹಟವೇ ಎಂದಳು. ಹಿತ್ತಲಿನಿಂದ ಕೆಲೆಪಿ, ಕಪ್ಪು ಹಾಕಲಿ ಬಿಡಮ್ಮ ಎಂದು ಕೂಗಿದಾಗ, ತಂಗಿಯ ಬಟ್ಟೆಯ ಮಾತು ಅಣ್ಣನಿಗೆ ಯಾಕೆ ಎಂದು ಅವನಿಗೂ ಮಂಗಳಾರತಿಯಾಯಿತು.

ಹಬ್ಬದ ಬೆಳಿಗ್ಗೆ ಸಿಯಾಲೆ ಬಿಳಿಯುಡುಪು ತೊಟ್ಟು ಅಡುಗೆಮನೆಗೆ ಬಂದಳು. ತಾಯಿ ತಲೆ ಬಾಚುತ್ತಿದ್ದಂತೆ ಅವಳ ಕೈ ಮೇಜಿನ ಅಂಚನ್ನು ಹುಡುಕಿತು, ಸಿಗಲಿಲ್ಲ. ನೆಲಕ್ಕೆ ಬಿದ್ದವಳ ಲೇಸಿನ ಅಂಚು ಕೆಂಪಗೆ ನೆನೆದಿತ್ತು. ಲೆಸಿಯೆಲಿ ಚೀರಿದ್ದು ಬೀದಿಗೆಲ್ಲ ಕೇಳಿಸಿತು. ಕೆಲೆಪಿ ಬಾಗಿಲು ದಾಟಿ ಬಂದ. ತಂಗಿ ಇರುವ ಕಡೆ ಹೆಜ್ಜೆಯಿಡದವನು ಅವಳನ್ನು ಎರಡು ತೋಳಿನಲ್ಲಿ ಎತ್ತಿಕೊಂಡು ವ್ಯಾನಿಗೆ ಓಡಿದ. ಅವನ ಹಬ್ಬದ ಷರ್ಟು, ಟೋಂಗನ್ ಗಂಡಸರು ಹಬ್ಬಕ್ಕೆ ಕಟ್ಟುವಂತೆ ಸೊಂಟಕ್ಕೆ ಕಟ್ಟಿದ ಚಾಪೆ ಎಲ್ಲ ರಕ್ತವಾಯಿತು. ಎತ್ತುವುದಕ್ಕೆ ಅವನ ಕೈ ಒಂದು ಕ್ಷಣವೂ ಅಂಜಲಿಲ್ಲ. ಅಷ್ಟು ದಿನ ಅಂಜಿದ್ದು ನಾಲಿಗೆ ಮಾತ್ರ.

ಊರಿನ ಆಸ್ಪತ್ರೆಯವರು ಸೂಜಿ ಚುಚ್ಚಿ ಅಲ್ಲಿಂದಲೇ ಆಂಬುಲೆನ್ಸಿನಲ್ಲಿ ಮಿಲ್ಡುರಾದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಚೀಲದ ಮೇಲೆ ಚೀಲ ರಕ್ತ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಬಂದು ಲೆಸಿಯೆಲಿಯ ಪಕ್ಕ ಕೂತು ಬಿಡಿಸಿ ಬಿಡಿಸಿ ಹೇಳಿದಳು. ಹುಡುಗಿಯ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹುಟ್ಟಿನಿಂದ ಬಂದದ್ದು. ತಿಂಗಳ ಸ್ರಾವ ನಿಲ್ಲದೆ ಹೋಗಿ ಹೋಗಿ ಮೈಯೆಲ್ಲ ಬರಿದಾಗಿದೆ. ಪ್ರಾಣಕ್ಕೆ ಇನ್ನು ಭಯವಿಲ್ಲ, ಮಾತ್ರೆಯಲ್ಲಿ ಹತೋಟಿಗೆ ಬರುವಂಥದ್ದು. ಮೊದಲೇ ಬಂದಿದ್ದರೆ ಆ ಮಾತ್ರೆಯಲ್ಲೇ ಮುಗಿಯುತ್ತಿತ್ತು. ಎಷ್ಟು ದಿನದಿಂದ ಹೀಗಿದೆ ಎಂದು ಆಕೆ ಕೇಳಿದಳು. ಎಲ್ಲ ಗೊತ್ತಿದ್ದ ತಾಯಿಗೆ ಅದೊಂದು ಗೊತ್ತಿರಲಿಲ್ಲ. ಎರಡು ಮೂರು ದಿನ ಇರಬಹುದು ಎಂದಳು. ಡಾಕ್ಟರಮ್ಮ ಅವಳ ಮುಖವನ್ನೇ ನೋಡಿ, ಇರಲಾರದು ಎಂದು ಎದ್ದು ಹೋದಳು.

ಕಾರಿಡಾರಿನ ಕಿಟಕಿಯ ಹತ್ತಿರ ಕೆಲೆಪಿ ಅದೇ ರಕ್ತದ ಷರ್ಟಿನಲ್ಲಿ ನಿಂತಿದ್ದ. ಅವನು ಎಲ್ಲ ಕೇಳಿಸಿಕೊಂಡಿದ್ದ.

"ದ್ರಾಕ್ಷಿ ಕೊಯ್ಲಿನ ಹೊತ್ತಿಂದ, ಅಮ್ಮಾ, ತಿಂಗಳುಗಟ್ಟಲೆ ಆಯ್ತು," ಎಂದ.

"ಏನು?"

ಅವನು ತಿರುಗದೆ ಫೋನನ್ನು ಹಿಂದಕ್ಕೆ ಚಾಚಿದ. "ನಾನು ಮೊದಲಿನ ನಾಲ್ಕೈದು ನೋಡ್ದೆ. ಆಮೇಲೆ ನೋಡ್ಲಿಲ್ಲ. ನಂಗೆ ನೋಡಕ್ಕಾಗ್ಲಿಲ್ಲ."

ಲೆಸಿಯೆಲಿ ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಳು. ಮೊದಲಿನವು ಇಂಗ್ಲಿಷಿನಲ್ಲಿದ್ದವು. ಮುಟ್ಟು ನಿಲ್ಲದಿದ್ದರೆ ಏನರ್ಥ, ತಲೆ ಸುತ್ತಿದರೆ ಏನರ್ಥ, ಹೀಗಾದರೆ ಸಾಯುತ್ತಾರಾ. ಒಂದೊಂದರ ಪಕ್ಕದಲ್ಲೂ ಕೆಂಪು ಗುರುತು: ಮಕ್ಕಳಿಗೆ ತಕ್ಕದ್ದಲ್ಲವೆಂದು ಆ ಪುಟಗಳನ್ನೆಲ್ಲ ಆಪ್ ಮುಚ್ಚಿತ್ತು. ಕೆಳಗೆ ಹೋದಂತೆ ಇಂಗ್ಲಿಷು ನಿಂತು ಟೋಂಗನ್ ಶುರುವಾಗಿತ್ತು. ಹುಡುಕುವ ಜಾಗದಲ್ಲೇ ಹುಡುಗಿ ಪತ್ರ ಬರೆಯುವಂತೆ ಬರೆದಿದ್ದಳು. "ಅಮ್ಮಾ, ಇವತ್ತೂ ನಿಂತಿಲ್ಲ." "ಅಮ್ಮಾ, ಬಾಯಲ್ಲಿ ಹೇಳಕ್ಕೆ ನಾಚಿಕೆ, ನೀನು ಓದ್ತೀಯ ಅಂತ ಬರೀತಿದೀನಿ." "ಅಮ್ಮಾ, ನಿನ್ನೆ ರಾತ್ರಿ ನಿನ್ ಹತ್ರ ಬಂದು ನಿಂತಿದ್ದೆ, ನಂಗೆಲ್ಲ ಗೊತ್ತು ಅಂದೆ ನೀನು. ಗೊತ್ತಿದ್ರೆ ಡಾಕ್ಟರ ಹತ್ರ ಕರ್ಕೊಂಡ್ಹೋಗು." ಕೊನೆಯದು ಹಿಂದಿನ ಸಂಜೆಯದು. "ಅಮ್ಮಾ, ಬಿಳಿ ಬೇಡ ಅಂದಿದ್ದು ಯಾಕೆ ಅಂತ ನಿಂಗೆ ಗೊತ್ತಲ್ಲ."

ಅವಳ ಸಿಟ್ಟು ಮೊದಲು ಮಗನ ಮೇಲೆ ಎದ್ದಿತು. ಎದ್ದು ಅವನ ಬೆನ್ನಿಗೆ ಗುದ್ದಿದಳು, ಇನ್ನೊಂದು ಗುದ್ದಿದಳು. "ಯಾಕೋ ಹೇಳ್ಲಿಲ್ಲ? ತಂಗಿ ಸಾಯ್ತಿದ್ಲಲ್ಲೋ."

"ಆ ಮಾತನ್ನ ಯಾವ ಬಾಯಲ್ಲಿ ಹೇಳ್ಲಮ್ಮ?" ಎಂದ ಕೆಲೆಪಿ. ಅವನು ಅಳುತ್ತಿದ್ದ. "ಹಾಗೆ ಹೇಳೋ ಬಾಯಿ ನೀನು ನಂಗೆ ಕಲಿಸಿಲ್ಲ."

ಲೆಸಿಯೆಲಿಯ ಕೈ ಅಲ್ಲೇ ನಿಂತಿತು. ಲೋಕದಲ್ಲಿ ಇಷ್ಟು ಜನರಿದ್ದರು. ಲೂಪೆ ಇದ್ದಳು, ಪಾದ್ರಿಯ ಹೆಂಡತಿ ಇದ್ದಳು, ಷೆಡ್ಡಿನಲ್ಲಿ ಪಕ್ಕದಲ್ಲಿ ನಿಲ್ಲುವ ಹೆಂಗಸರಿದ್ದರು. ಯಾರ ಕೈಗೆ ಕೊಟ್ಟಿದ್ದರೂ ಆ ಮಾತು ಒಂದೇ ದಿನದಲ್ಲಿ ಅವಳ ಕಿವಿಗೆ ಬಂದು ಬೀಳುತ್ತಿತ್ತು. ಅಷ್ಟು ಜನರನ್ನು ಬಿಟ್ಟು, ಸತ್ತರೂ ಅದನ್ನು ಆಡಲಾಗದ ಒಬ್ಬನನ್ನೇ ಹುಡುಕಿ ಕೊಟ್ಟಿದ್ದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಅವಳಿಗೆ ಗೊತ್ತಾಗಬಾರದಮ್ಮ," ಎಂದ ಕೆಲೆಪಿ. "ನಾನು ಓದಿದೀನಿ ಅಂತ ಗೊತ್ತಾದ್ರೆ ಅವಳು ತಲೆ ಎತ್ತಿ ಓಡಾಡಲ್ಲ. ನಾನೂ ಆ ಮನೇಲಿ ಇರಕ್ಕಾಗಲ್ಲ."

ಸಂಜೆಯ ಹೊತ್ತಿಗೆ ಸಿಯಾಲೆಗೆ ಪೂರ್ತಿ ಎಚ್ಚರವಾಯಿತು. ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು. ಲೆಸಿಯೆಲಿ ಅವಳ ಕಾಲೊತ್ತುತ್ತ ಕೂತಳು. 

"ಅಮ್ಮಾ," ಎಂದಳು ಸಿಯಾಲೆ. "ನಾನು ಬರ್ದಿದ್ದು ನಿಂಗೆ ಬರ್ತಿರ್ಲಿಲ್ವಾ?"

ಬರುತ್ತಿರಲಿಲ್ಲ ಕಂದ, ಫೋನು ಕೆಟ್ಟಿತ್ತು ಎಂಬ ಮಾತು ಲೆಸಿಯೆಲಿಯ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹುಡುಗಿ ದಡ್ಡಿಯಲ್ಲ. ಹಾಡಿನ ಹೆಸರು ಹೇಳಿ ಬೈಸಿಕೊಂಡವಳು, ವಾರವಾರ ಫೋನಿನ ಹೊತ್ತು ಕಡಿಮೆಯಾಗುವುದನ್ನು ಕಂಡವಳು. ಯಾರೋ ಒಬ್ಬರು ಅದನ್ನು ನಡೆಸುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ತಾಯಿ ತಡೆದಷ್ಟೂ ಅವಳ ಕಣ್ಣು ಅಗಲವಾಯಿತು.

"ಮತ್ತೆ ಯಾರಿಗೆ ಬರ್ತಿತ್ತು?" ಎಂದಳು. "ನಿನ್ ಫೋನಲ್ಲಿ ಆ ಆಪ್ ಕೂರಲ್ಲ ಅಂತ ಹಾಡಿನ ತಂಡದ ಹುಡುಗೀರು ಹೇಳ್ತಿದ್ರು, ನಾನು ನಂಬಿರ್ಲಿಲ್ಲ. ಅಮ್ಮಾ, ಅಣ್ಣಂಗಾ?" ಸೂಜಿ ಚುಚ್ಚಿದ ಕೈಯಿಂದಲೇ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು.

"ಇಲ್ಲ," ಎಂದಳು ಲೆಸಿಯೆಲಿ. "ನಂಗೇ ಬರ್ತಿತ್ತು."

"ನಿಜವಾಗ್ಲೂ?"

"ದೇವರಾಣೆ. ಅವನಿಗೇನೂ ಗೊತ್ತಿಲ್ಲ."

ಹುಡುಗಿಯ ಕೈ ಸಡಿಲವಾಯಿತು, ಹೆದರಿಕೆ ಇಳಿಯಿತು. ಆಮೇಲೆ ಅವಳು ತಾಯಿಯನ್ನು ನೋಡತೊಡಗಿದಳು.

"ಹಾಗಾದ್ರೆ ಎಲ್ಲಾ ಓದಿದೀಯ."

ಲೆಸಿಯೆಲಿಗೆ ತಾನು ಏನು ಕೊಟ್ಟು ಏನು ಉಳಿಸಿಕೊಳ್ಳುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. "ಓದಿದೆ," ಎಂದಳು.

"ಓದಿ ಸುಮ್ನಿದ್ದೆ."

"ದೊಡ್ಡದೇನಲ್ಲ ಅಂದ್ಕೊಂಡೆ ಕಂದ. ತಪ್ಪಾಯ್ತು."

ಸಿಯಾಲೆ ತಾಯಿಯ ಕೈಯ ಕೆಳಗಿದ್ದ ಕಾಲನ್ನು ಮೆಲ್ಲಗೆ ಮಡಚಿ ತನ್ನ ಕಡೆಗೆ ಎಳೆದುಕೊಂಡಳು. ಅಷ್ಟರಲ್ಲಿ ನರ್ಸಮ್ಮ ಒಳಗೆ ಬಂದು, ಡಾಕ್ಟರಿಗಾಗಿ ಕೆಲವು ವಿಷಯ ಕೇಳಬೇಕು, ಯಾವಾಗ ಶುರುವಾಯಿತು, ಹೇಗಿತ್ತು ಎಲ್ಲ ಹೇಳಬೇಕು, ಅಮ್ಮ ಜೊತೆಗಿದ್ದರೆ ಆಗುತ್ತದೆಯೇ ಎಂದು ವಿಚಾರಿಸಿದಳು.

ಸಿಯಾಲೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಷೆಡ್ಡಿನ ಇಂಗ್ಲಿಷು ಬಿಟ್ಟು ಬೇರೇನೂ ಬಾರದ ಲೆಸಿಯೆಲಿಗೂ ಅದು ಅರ್ಥವಾಯಿತು.

"ಬೇಡ," ಎಂದಿದ್ದಳು ಮಗಳು. "ಅವರು ಹೊರಗಿರಲಿ. ನಿಮಗಾದ್ರೆ ಹೇಳ್ತೀನಿ."

ಲೆಸಿಯೆಲಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅವಳು ಆಚೆ ಹೋಗುವವರೆಗೂ ಮಗಳು ಬಾಯಿ ತೆರೆಯಲಿಲ್ಲ.